ಕಿಟಕಿ ಇಲ್ಲದ ಬ್ಯಾಂಕು: ಥ್ರೆಡ್‌ನೀಡಲ್ ಬೀದಿಯ ಗೋಡೆಯ ಕಥೆ

ಲಂಡನ್ನಿನ ಹಳೆಯ ಭಾಗವನ್ನು ಅಲ್ಲಿನವರು 'ಸಿಟಿ' ಅಂತಲೇ ಕರೆಯುತ್ತಾರೆ. ನಮ್ಮ ಬೆಂಗಳೂರಿಗೆ ಪೇಟೆ ಇದ್ದ ಹಾಗೆ. ಊರು ಎಷ್ಟೇ ಬೆಳೆದರೂ ವ್ಯಾಪಾರ ಹುಟ್ಟಿದ ಜಾಗ ಅದು. ಆ ಸಿಟಿಯ ನಟ್ಟನಡುವೆ ಬ್ಯಾಂಕ್ ಆಫ್ ಇಂಗ್ಲೆಂಡ್ ಇದೆ. ದಕ್ಷಿಣಕ್ಕೆ ಥ್ರೆಡ್‌ನೀಡಲ್ ಸ್ಟ್ರೀಟ್, ಪಶ್ಚಿಮಕ್ಕೆ ಪ್ರಿನ್ಸಸ್ ಸ್ಟ್ರೀಟ್, ಉತ್ತರಕ್ಕೆ ಲಾತ್‌ಬರಿ, ಪೂರ್ವಕ್ಕೆ ಬಾರ್ತಲೋಮ್ಯೂ ಲೇನ್. ಈ ನಾಲ್ಕು ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ರಸ್ತೆಯ ಪಕ್ಕದ ಗೋಡೆಗೆ ಕಿಟಕಿಯೇ ಇಲ್ಲ. ಚೆಂದದ ಕಂಬಗಳಿವೆ. ಕಿಟಕಿಯ ಆಕಾರದ ಗೂಡುಗಳಿವೆ. ಆದರೆ ಅವುಗಳಲ್ಲಿ ಗಾಜಿಲ್ಲ, ಇಣುಕಿ ನೋಡಲು ಸಂದಿಯೂ ಇಲ್ಲ.

ನಮ್ಮ ಊರುಗಳ ಹಳೆಯ ಬ್ಯಾಂಕ್ ಕಟ್ಟಡಗಳನ್ನು ನೆನಪಿಸಿಕೊಳ್ಳಿ. ದೊಡ್ಡ ಬಾಗಿಲು, ಎತ್ತರದ ಕಿಟಕಿ, ಮುಂದೆ ನಾಲ್ಕು ಮೆಟ್ಟಿಲು. ಬನ್ನಿ ಅಂತ ಕರೆಯುವ ಮುಖ ಅದು. ಲಂಡನ್ನಿನ ಈ ಕಟ್ಟಡ ಮಾತ್ರ ಬೀದಿಗೆ ಬೆನ್ನು ತಿರುಗಿಸಿ ನಿಂತಿದೆ. ಯಾಕೆ ಹೀಗೆ? ಕರೆಂಟ್ ಇಲ್ಲದ ಆ ಕಾಲದಲ್ಲಿ ಕಿಟಕಿಯೂ ಇಲ್ಲದೆ ಒಳಗೆ ನೂರಾರು ಗುಮಾಸ್ತರು ಲೆಕ್ಕ ಬರೆದದ್ದು ಹೇಗೆ? ಈ ಎರಡು ಪ್ರಶ್ನೆ ಹಿಡಿದು ಹೊರಟರೆ ಕಟ್ಟಡದ ಕಥೆ ಅರ್ಥವಾಗುತ್ತದೆ. ಬ್ಯಾಂಕು ಅಂದರೆ ಏನು ಅನ್ನುವುದೂ ಜೊತೆಗೇ ಸ್ವಲ್ಪ ಅರ್ಥವಾಗುತ್ತದೆ.

ರಾಜನ ಸಾಲದಿಂದ ಹುಟ್ಟಿದ್ದು

1694ರಲ್ಲಿ ಇಂಗ್ಲೆಂಡಿನ ರಾಜ ಮೂರನೇ ವಿಲಿಯಂ ಫ್ರಾನ್ಸ್ ಮೇಲೆ ಯುದ್ಧ ಮಾಡುತ್ತಿದ್ದ. ಕೈಯಲ್ಲಿ ದುಡ್ಡಿರಲಿಲ್ಲ. ರಾಜರಿಗೆ ಸಾಲ ಕೊಡಲು ವ್ಯಾಪಾರಿಗಳಿಗೆ ಹೆದರಿಕೆ. ಅದಕ್ಕೆ ಕಾರಣವೂ ಇತ್ತು. 1672ರಲ್ಲಿ ಎರಡನೇ ಚಾರ್ಲ್ಸ್ ಇದ್ದಕ್ಕಿದ್ದಂತೆ ಸಾಲ ತೀರಿಸುವುದನ್ನೇ ನಿಲ್ಲಿಸಿದ್ದ. ಅವನಿಗೆ ಸಾಲ ಕೊಟ್ಟಿದ್ದ ಲಂಡನ್ನಿನ ಅಕ್ಕಸಾಲಿಗ ಸಾಹುಕಾರರಲ್ಲಿ ಕೆಲವರು ಮುಳುಗಿಯೇ ಹೋಗಿದ್ದರು.

ಹಾಗಾಗಿ ಹೊಸ ದಾರಿ ಹುಡುಕಿದರು. ಒಬ್ಬಿಬ್ಬರು ಸಾಹುಕಾರರ ಬದಲು ಬಹಳ ಜನ ಸೇರಿ ಸರ್ಕಾರಕ್ಕೆ 12 ಲಕ್ಷ ಪೌಂಡ್ ಸಾಲ ಕೊಡುವುದು. ಬಡ್ಡಿ ಶೇಕಡಾ 8. ಬಡ್ಡಿ ಕಟ್ಟಲು ಸಂಸತ್ತು ತೆರಿಗೆಯನ್ನು ಮೀಸಲಿಡುವುದು. ಸಾಲ ಕೊಟ್ಟವರಿಗೆ ಪ್ರತಿಯಾಗಿ ಒಂದು ಬ್ಯಾಂಕ್ ನಡೆಸುವ ಹಕ್ಕು. ಎರಡು ವಾರ ತುಂಬುವ ಮೊದಲೇ ಸಾವಿರದ ಇನ್ನೂರಕ್ಕೂ ಹೆಚ್ಚು ಜನ ಪೂರ್ತಿ ದುಡ್ಡು ಸೇರಿಸಿದರು. ರಾಜನ ಮಾತನ್ನು ನಂಬದವರು ಸಂಸತ್ತಿನ ಕಾನೂನನ್ನು ನಂಬಿದರು.

ಶುರುವಿನಲ್ಲಿ ಬ್ಯಾಂಕಿಗೆ ಸ್ವಂತ ಸೂರಿರಲಿಲ್ಲ. ಮೊದಲ ಕೆಲವು ತಿಂಗಳು ಬಟ್ಟೆ ವ್ಯಾಪಾರಿಗಳ ಸಂಘದ ಹಾಲ್‌ನಲ್ಲಿ ಕೆಲಸ ನಡೆಯಿತು. ಆಮೇಲೆ ಸುಮಾರು 40 ವರ್ಷ ಕಿರಾಣಿ ವ್ಯಾಪಾರಿಗಳ ಸಂಘದ ಹಾಲ್‌ನಲ್ಲಿ. 1734ರಲ್ಲಿ ಥ್ರೆಡ್‌ನೀಡಲ್ ಬೀದಿಗೆ ಬಂದರು. ಬ್ಯಾಂಕಿನ ಮೊದಲ ಗವರ್ನರ್ ಜಾನ್ ಹೂಬ್ಲನ್ ಅವರ ಮನೆ ಇದ್ದ ಜಾಗ ಅದು. ಜಾರ್ಜ್ ಸ್ಯಾಂಪ್ಸನ್ ಅಲ್ಲಿ ಕಟ್ಟಿದ ಕಟ್ಟಡ ಚಿಕ್ಕದು. ಅಕ್ಕಪಕ್ಕ ಮನೆಗಳಿದ್ದವು, ಒಂದು ಕಡೆ ಸೇಂಟ್ ಕ್ರಿಸ್ಟೋಫರ್ ಚರ್ಚ್ ಇತ್ತು. ಬೀದಿಯ ಕಡೆಗೆ ಕಿಟಕಿಗಳೂ ಇದ್ದವು. ಅಂದರೆ ಬ್ಯಾಂಕು ಹುಟ್ಟಿನಿಂದ ಕೋಟೆಯಾಗಿರಲಿಲ್ಲ. ಆ ರೂಪ ನಂತರ ಬಂದದ್ದು.

ಒಂದು ವಾರದ ಗಲಭೆ

1765ರಿಂದ ರಾಬರ್ಟ್ ಟೇಲರ್ ಎಂಬ ವಾಸ್ತುಶಿಲ್ಪಿ ಬ್ಯಾಂಕನ್ನು ಎರಡೂ ಬದಿಗೆ ಬೆಳೆಸಿದರು. ಸರ್ಕಾರದ ಸಾಲ ಬೆಳೆದ ಹಾಗೆ ಅದರ ಲೆಕ್ಕ ಇಡುವ ಬ್ಯಾಂಕಿಗೂ ಜಾಗ ಬೇಕಾಗಿತ್ತು.

1780ರ ಜೂನ್‌ನಲ್ಲಿ ಲಂಡನ್ ಹೊತ್ತಿ ಉರಿಯಿತು. ಕ್ಯಾಥೊಲಿಕರಿಗೆ ಕೊಟ್ಟ ಕೆಲವು ಹಕ್ಕುಗಳನ್ನು ವಿರೋಧಿಸಿ ಶುರುವಾದ ಮೆರವಣಿಗೆ ದೊಂಬಿಗೆ ತಿರುಗಿತು. ಇತಿಹಾಸದಲ್ಲಿ ಇದಕ್ಕೆ ಗಾರ್ಡನ್ ಗಲಭೆ ಅಂತ ಹೆಸರು. ಜೈಲುಗಳನ್ನು ಸುಟ್ಟ ಗುಂಪು ಬ್ಯಾಂಕಿನ ಮೇಲೂ ನುಗ್ಗಿತು. ಸೈನಿಕರು, ಸ್ವಯಂಸೇವಕರು ಸೇರಿ ಹೇಗೋ ತಡೆದರು. ಬಾಗಿಲು ಉಳಿಯಿತು, ಆದರೆ ಹೆದರಿಕೆ ಹೋಗಲಿಲ್ಲ.

ಆಮೇಲೆ ಆದ ಎರಡು ಕೆಲಸ ನೋಡಿದರೆ ಆ ಹೆದರಿಕೆ ಎಷ್ಟಿತ್ತು ಅಂತ ಗೊತ್ತಾಗುತ್ತದೆ. ಪಕ್ಕದ ಸೇಂಟ್ ಕ್ರಿಸ್ಟೋಫರ್ ಚರ್ಚನ್ನು ಬ್ಯಾಂಕು ಕೊಂಡು ಕೆಡವಿಸಿತು. ಜಾಗ ಬೇಕಿತ್ತು ನಿಜ. ಆದರೆ ದೊಂಬಿಯವರು ಚರ್ಚಿನ ಗೋಪುರ ಹತ್ತಿದರೆ ಬ್ಯಾಂಕಿನ ಮೇಲೆ ಸಲೀಸಾಗಿ ದಾಳಿ ಮಾಡಬಹುದು ಅನ್ನುವ ಚಿಂತೆಯೂ ಇತ್ತು. ಚರ್ಚಿನ ಸ್ಮಶಾನ ಬ್ಯಾಂಕಿನ ಒಳಗಿನ ತೋಟವಾಯಿತು. ಇನ್ನೊಂದು, ಸೈನಿಕರ ಕಾವಲು. ಪ್ರತಿ ಸಂಜೆ ಒಂದು ತುಕಡಿ ಬಂದು ರಾತ್ರಿಯಿಡೀ ಬ್ಯಾಂಕ್ ಕಾಯುವ ಪದ್ಧತಿ 1780ರಲ್ಲಿ ಶುರುವಾಯಿತು. ಅದು ನಿಂತಿದ್ದು 1973ರಲ್ಲಿ! ಒಂದು ವಾರದ ಗಲಭೆಗೆ 193 ವರ್ಷದ ಕಾವಲು.

ಇಂಥ ಬ್ಯಾಂಕಿಗೆ 1788ರಲ್ಲಿ ಜಾನ್ ಸೋನ್ ವಾಸ್ತುಶಿಲ್ಪಿಯಾಗಿ ಬಂದರು. ಇಟ್ಟಿಗೆ ಕೆಲಸದವರ ಮಗ. ಆಗ ವಯಸ್ಸು 35. ಮುಂದಿನ 45 ವರ್ಷ, 1833ರ ತನಕ, ಈ ಒಂದು ಕಟ್ಟಡವನ್ನು ಕಟ್ಟುತ್ತಲೇ ಇದ್ದರು. ಒಂದೊಂದೇ ಜಾಗ ಸೇರಿಸಿಕೊಳ್ಳುತ್ತಾ ಕೊನೆಗೆ ಸುಮಾರು ಮೂರೂವರೆ ಎಕರೆಯ ದ್ವೀಪ ಮಾಡಿ, ಸುತ್ತಲೂ ಆ ಗೋಡೆ ಎಬ್ಬಿಸಿದರು.

ಒಳಗೆ ಸಂತೆ, ಹೊರಗೆ ಕೋಟೆ

ಸೋನ್ ಎದುರಿಗಿದ್ದ ಕಷ್ಟ ಅರ್ಥವಾಗಬೇಕಾದರೆ ಒಳಗೆ ಏನು ನಡೆಯುತ್ತಿತ್ತು ಅಂತ ತಿಳಿಯಬೇಕು. ಬ್ಯಾಂಕ್ ಅಂದಕೂಡಲೇ ನಮಗೆ ತಿಜೋರಿ ನೆನಪಾಗುತ್ತದೆ. ಆದರೆ ಆ ಕಟ್ಟಡದಲ್ಲಿ ತಿಜೋರಿಗಿಂತ ಜಾಸ್ತಿ ಜಾಗ ಹಿಡಿದದ್ದು ಲೆಡ್ಜರ್ ಪುಸ್ತಕಗಳು.

ಸರ್ಕಾರಕ್ಕೆ ಸಾಲ ಕೊಟ್ಟ ಪ್ರತಿಯೊಬ್ಬರ ಹೆಸರು, ಮೊತ್ತ ಬ್ಯಾಂಕಿನ ಲೆಡ್ಜರ್‌ನಲ್ಲಿ ಇರುತ್ತಿತ್ತು. ಆ ಸಾಲಪತ್ರವನ್ನು ಬೇರೆಯವರಿಗೆ ಮಾರಬಹುದಿತ್ತು. ಮಾರುವವರು ತಾವೇ ಬಂದು, ಇಲ್ಲ ಅಧಿಕಾರ ಕೊಟ್ಟವರನ್ನು ಕಳಿಸಿ, ಪುಸ್ತಕದಲ್ಲಿ ಸಹಿ ಹಾಕಬೇಕಿತ್ತು. ನಮ್ಮ ಜಮೀನಿನ ಖಾತೆ ಬದಲಾವಣೆ ಇದೆಯಲ್ಲ, ಹೆಚ್ಚುಕಡಿಮೆ ಹಾಗೆ. ಒಂದೊಂದು ಬಗೆಯ ಸಾಲಕ್ಕೆ ಒಂದೊಂದು ಹಜಾರ. ಬಡ್ಡಿ ಹಂಚುವ ದಿನಗಳಲ್ಲಿ ಜನವೋ ಜನ. ವ್ಯಾಪಾರಿಗಳು, ವಿಧವೆಯರು, ಪಾದ್ರಿಗಳು, ಅಷ್ಟಿಷ್ಟು ಉಳಿಸಿದ್ದ ಸಾಮಾನ್ಯರು, ಎಲ್ಲರೂ ಬರುತ್ತಿದ್ದರು. ಟೇಲರ್ ಕಟ್ಟಿದ್ದ ಗುಮ್ಮಟದ ದೊಡ್ಡ ಹಜಾರದಲ್ಲಿ ದಲ್ಲಾಳಿಗಳ ಕೂಗಾಟ ಬೇರೆ.

ಈಗ ಕಷ್ಟ ನೋಡಿ. ಒಳಗೆ ಸಂತೆ, ಹೊರಗೆ ಕೋಟೆ ಆಗಬೇಕು. ಸಣ್ಣ ಅಕ್ಷರದಲ್ಲಿ ಅಂಕಿ ಬರೆಯುವ ಗುಮಾಸ್ತರಿಗೆ ಒಳ್ಳೆಯ ಬೆಳಕು ಬೇಕು. ಒಂದು ಸೊನ್ನೆ ತಪ್ಪಿದರೂ ಯಾರದೋ ಬಾಳು ಏರುಪೇರು. ಗೋಡೆಗೆ ಕಿಟಕಿ ಇಡುವಂತಿಲ್ಲ. ದೀಪ ಹಚ್ಚೋಣ ಅಂದರೆ ಬೆಂಕಿಯ ಭಯ. ಸುತ್ತ ಇರುವುದೆಲ್ಲ ಕಾಗದ. ಆ ಪುಸ್ತಕ ಸುಟ್ಟರೆ ಒಂದು ದೇಶದ ಸಾಲದ ಲೆಕ್ಕವೇ ಸುಟ್ಟ ಹಾಗೆ.

ತೊಟ್ಟಿ ಮನೆ ನೋಡಿದವರಿಗೆ ಸೋನ್ ಕಂಡುಕೊಂಡ ಉತ್ತರ ಥಟ್ಟನೆ ಹೊಳೆಯುತ್ತದೆ. ತೊಟ್ಟಿ ಮನೆಯ ಹೊರಗೋಡೆಯಲ್ಲಿ ಕಿಟಕಿ ಕಡಿಮೆ, ಇದ್ದರೂ ಚಿಕ್ಕದು. ಬೆಳಕು ಬರುವುದು ನಡುವಿನ ತೊಟ್ಟಿಯಿಂದ, ಮೇಲಿನಿಂದ. ಕಳ್ಳರಿಗೆ ಗೋಡೆ, ಮನೆಯವರಿಗೆ ಆಕಾಶ. ಸೋನ್ ಕೂಡ ಬೆಳಕನ್ನು ಮೇಲಿನಿಂದಲೇ ಇಳಿಸಿದರು. ಅಲ್ಲಲ್ಲಿ ಒಳಅಂಗಳ ಬಿಟ್ಟರು. ಹಜಾರಗಳ ಮೇಲೆ ಗುಮ್ಮಟ ಕಟ್ಟಿ, ಅದರ ನೆತ್ತಿಯಲ್ಲಿ ಗಾಜಿನ ಗೂಡು ಇಟ್ಟರು. ಕಮಾನುಗಳ ಕೆಳಗೆ ಅರ್ಧಚಂದ್ರದ ಎತ್ತರದ ಬೆಳಕಿಂಡಿಗಳನ್ನು ತೆರೆದರು. 1792ರ ಹೊತ್ತಿಗೆ ಕಟ್ಟಿದ 'ಬ್ಯಾಂಕ್ ಸ್ಟಾಕ್ ಆಫೀಸ್' ಎಂಬ ಹಜಾರ ಇದರ ಮೊದಲ ಪ್ರಯೋಗ.

ಮೇಲಿನಿಂದ ಬರುವ ಬೆಳಕಿಗೆ ಒಂದು ಗುಣ ಇದೆ. ಪಕ್ಕದ ಕಿಟಕಿಯ ಬೆಳಕು ಒಂದು ಕಡೆ ಕಣ್ಣು ಕುಕ್ಕುತ್ತದೆ, ಇನ್ನೊಂದು ಕಡೆ ಕತ್ತಲು ಬಿಡುತ್ತದೆ. ಮೇಲಿನ ಬೆಳಕು ಮೇಜಿನ ಮೇಲೆ ಹದವಾಗಿ ಹರಡುತ್ತದೆ. ಲೆಡ್ಜರ್ ಬರೆಯುವವರಿಗೆ ಇನ್ನೇನು ಬೇಕು?

ಬೆಂಕಿಗೂ ಸೋನ್ ಉಪಾಯ ಮಾಡಿದರು. ಚಾವಣಿಗೆ ಮರ ಹಾಕಿದರೆ ಹೊತ್ತಿಕೊಳ್ಳುತ್ತದೆ. ಕಲ್ಲು, ಇಟ್ಟಿಗೆ ಹಾಕಿದರೆ ಭಾರ. ಭಾರ ಹೊರಲು ಗೋಡೆ ದಪ್ಪ ಆಗಬೇಕು, ಗೋಡೆ ದಪ್ಪ ಆದರೆ ಬೆಳಕಿಂಡಿಗೆ ಜಾಗ ಇರುವುದಿಲ್ಲ. ಅದಕ್ಕೆ ಅವರು ಸುಟ್ಟ ಮಣ್ಣಿನ ಟೊಳ್ಳು ಕುಡಿಕೆಗಳನ್ನು ಜೋಡಿಸಿ ಕಮಾನು ಕಟ್ಟಿಸಿದರು. ಕುಂಬಾರನ ಆವಿಗೆಯಲ್ಲಿ ಆಗಲೇ ಬೆಂದ ಮಣ್ಣು ಮತ್ತೆ ಹೊತ್ತುವುದಿಲ್ಲ. ಒಳಗೆ ಟೊಳ್ಳಾದ್ದರಿಂದ ಹಗುರ. ಗುಮ್ಮಟ ತೆಳ್ಳಗಾಯಿತು, ಬೆಳಕಿಂಡಿ ದೊಡ್ಡದಾಯಿತು. ಈ ಕಟ್ಟಡದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಈ ಕುಡಿಕೆಗಳೇ. ಜಗತ್ತಿನ ದೊಡ್ಡ ಬ್ಯಾಂಕಿನ ತಲೆಯ ಮೇಲೆ ಇದ್ದದ್ದು ಮಣ್ಣಿನ ಕುಡಿಕೆ!

ನೋಟು, ಚಿನ್ನ, ಗಾಳಿ

ಬ್ಯಾಂಕನ್ನು ಕಾಯಬೇಕಾಗಿದ್ದದ್ದು ಬರೀ ದೊಂಬಿಯಿಂದಲ್ಲ. ಬ್ಯಾಂಕುಗಳಿಗೆ ಇನ್ನೂ ದೊಡ್ಡ ಭಯ ಒಂದಿದೆ. ಅದು ಗೋಡೆಗೆ ನಿಲ್ಲುವುದಿಲ್ಲ.

ಆಗಿನ ನೋಟು ಅಂದರೆ ಒಂದು ಮಾತು. ಇದನ್ನು ತಂದವರಿಗೆ ಇಷ್ಟು ಚಿನ್ನದ ನಾಣ್ಯ ಕೊಡುತ್ತೇವೆ ಅನ್ನುವ ಮಾತು. ನಮ್ಮ ನೂರು ರೂಪಾಯಿ ನೋಟಿನ ಮೇಲೂ ಗವರ್ನರ್ ಸಹಿಯ ಹತ್ತಿರ ಇಂಥದೇ ವಾಗ್ದಾನ ಇದೆ, ಗಮನಿಸಿದ್ದೀರಾ? ಇವತ್ತು ಅದಕ್ಕೆ ಚಿನ್ನ ಸಿಗುವುದಿಲ್ಲ. ಆಗ ಸಿಗುತ್ತಿತ್ತು. ಆದರೆ ಯಾವ ಬ್ಯಾಂಕೂ ಕೊಟ್ಟ ನೋಟಿಗೆಲ್ಲ ಸಮನಾಗಿ ಚಿನ್ನ ಇಟ್ಟುಕೊಳ್ಳುವುದಿಲ್ಲ. ಎಲ್ಲರೂ ಒಂದೇ ದಿನ ಬರುವುದಿಲ್ಲ ಅನ್ನುವ ಧೈರ್ಯದ ಮೇಲೆ ಬ್ಯಾಂಕು ನಡೆಯುತ್ತದೆ.

1797ರ ಫೆಬ್ರುವರಿಯಲ್ಲಿ ಆ ಧೈರ್ಯ ಕುಸಿಯಿತು. ಫ್ರೆಂಚ್ ಸೈನಿಕರ ಒಂದು ಸಣ್ಣ ಪಡೆ ವೇಲ್ಸ್‌ನ ಫಿಶ್‌ಗಾರ್ಡ್ ಹತ್ತಿರ ಇಳಿಯಿತು. ಎರಡೇ ದಿನಕ್ಕೆ ಶರಣಾಗಿಯೂ ಹೋಯಿತು. ಆದರೆ ಸುದ್ದಿ ಮಾತ್ರ ದೊಡ್ಡದಾಗಿ ಹಬ್ಬಿತು. ಜನ ಚಿನ್ನ ಕೊಡಿ ಅಂತ ಬಂದರು. ಯುದ್ಧದ ಖರ್ಚಿನಿಂದ ಮೊದಲೇ ಚಿನ್ನ ಕರಗಿತ್ತು. ನೋಟಿಗೆ ಚಿನ್ನ ಕೊಡುವುದನ್ನು ನಿಲ್ಲಿಸಿ ಅಂತ ಸರ್ಕಾರ ಆದೇಶ ಮಾಡಿತು. ತಾತ್ಕಾಲಿಕ ಅಂದುಕೊಂಡದ್ದು 1821ರ ತನಕ ಮುಂದುವರಿಯಿತು. ಅಷ್ಟು ವರ್ಷ ದೇಶ ಬರೀ ಕಾಗದದ ಮೇಲೆ ವ್ಯವಹಾರ ನಡೆಸಿತು.

ಬ್ಯಾಂಕಿಗೆ ಅಡ್ಡಹೆಸರು ಬಂದದ್ದೂ ಆಗಲೇ. ಪ್ರಧಾನಿ ವಿಲಿಯಂ ಪಿಟ್ ಬ್ಯಾಂಕಿನ ಚಿನ್ನಕ್ಕೆ ಕೈಹಾಕುವುದನ್ನು ಜೇಮ್ಸ್ ಗಿಲ್ರೇ ಎಂಬ ವ್ಯಂಗ್ಯಚಿತ್ರಕಾರ ಬರೆದರು. ಅದರಲ್ಲಿ ಬ್ಯಾಂಕು ಒಬ್ಬ ಮುದುಕಿ. ನೋಟುಗಳ ಸೀರೆಯಂಥ ಉಡುಪು ತೊಟ್ಟು ಹಣದ ಪೆಟ್ಟಿಗೆಯ ಮೇಲೆ ಕೂತು ಕಿರುಚುತ್ತಾಳೆ. ಅವತ್ತಿನಿಂದ ಇವತ್ತಿನ ತನಕ ಈ ಬ್ಯಾಂಕು ಥ್ರೆಡ್‌ನೀಡಲ್ ಬೀದಿಯ ಅಜ್ಜಿ.

ಆಡಳಿತ ಮಂಡಳಿ ಸೇರುವ ಕೋಣೆಯಲ್ಲಿ ಗೋಡೆಗೆ ಒಂದು ಗಾಳಿ ಗಡಿಯಾರ ಇದೆ. 1805ರದು. ಚಾವಣಿಯ ಮೇಲಿನ ಗಾಳಿಸೂಚಕಕ್ಕೆ ಅದರ ಮುಳ್ಳನ್ನು ಜೋಡಿಸಿದ್ದಾರೆ. ಗಾಳಿ ಎತ್ತ ಬೀಸುತ್ತಿದೆ ಅಂತ ಒಳಗೆ ಕೂತೇ ನೋಡಬಹುದು. ಬ್ಯಾಂಕಿಗೆ ಗಾಳಿಯ ಗೊಡವೆ ಯಾಕೆ ಅಂತೀರಾ? ಹಾಯಿ ಹಡಗಿನ ಕಾಲ ಅದು. ಮೂಡಣ ಗಾಳಿ ಬೀಸಿದರೆ ಹಡಗುಗಳು ಥೇಮ್ಸ್ ನದಿಯಲ್ಲಿ ಮೇಲಕ್ಕೆ ಬಂದು ಬಂದರು ಸೇರುತ್ತಿದ್ದವು. ಸರಕು ಬಂದರೆ ಕೊಳ್ಳಲು ವ್ಯಾಪಾರಿಗಳಿಗೆ ದುಡ್ಡು ಬೇಕು, ಬ್ಯಾಂಕು ಅದಕ್ಕೆ ಸಿದ್ಧವಾಗಬೇಕು. ಪಡುವಣ ಗಾಳಿಯಾದರೆ ಹಡಗು ಬರುವುದಿಲ್ಲ. ಆಗ ಪೇಟೆಯಲ್ಲಿ ಹೆಚ್ಚಾದ ದುಡ್ಡನ್ನು ವಾಪಸ್ ಎಳೆದುಕೊಳ್ಳಬೇಕು. ಇವತ್ತು ರಿಸರ್ವ್ ಬ್ಯಾಂಕ್ ಬಡ್ಡಿ ದರ ಏರಿಸಿತು, ಇಳಿಸಿತು ಅಂತ ಓದುತ್ತೇವಲ್ಲ, ಆ ಕೆಲಸದ ಬೇರು ಈ ಮುಳ್ಳಿನಲ್ಲಿದೆ. ಪೇಟೆಗೆ ಎಷ್ಟು ಬೇಕೋ ಅಷ್ಟು ದುಡ್ಡು ಬಿಡುವ ಕೆಲಸ.

ಗೋಡೆಯ ಬಗ್ಗೆ ಇನ್ನೊಂದು ಕಥೆ ಬ್ಯಾಂಕಿನವರೇ ಹೇಳಿಕೊಂಡು ಬಂದಿದ್ದಾರೆ. 1836ರಲ್ಲಿ ನಿರ್ದೇಶಕರಿಗೆ ಹೆಸರಿಲ್ಲದ ಒಂದು ಪತ್ರ ಬಂತು. ನಿಮ್ಮ ಚಿನ್ನದ ಕೋಣೆಗೆ ನಾನು ಬರಬಲ್ಲೆ, ಬೇಕಾದರೆ ಅಲ್ಲೇ ಭೇಟಿಯಾಗೋಣ ಅಂತ. ಗೊತ್ತುಮಾಡಿದ ರಾತ್ರಿ ಅವರು ಕಾದು ನಿಂತರು. ನೆಲದ ಹಲಗೆ ಸರಿಯಿತು, ಒಬ್ಬ ಮೇಲೆ ಬಂದ. ಚರಂಡಿ ರಿಪೇರಿ ಮಾಡುವವನು. ಹಳೆಯ ಒಂದು ಮೋರಿ ನೇರ ಆ ಕೋಣೆಯ ಕೆಳಗೇ ಹೋಗುತ್ತದೆ ಅಂತ ಅವನು ಕಂಡುಕೊಂಡಿದ್ದ. ಲೆಕ್ಕ ನೋಡಿದರೆ ಒಂದು ಚೂರೂ ಕದ್ದಿರಲಿಲ್ಲ. ಅವನಿಗೆ 800 ಪೌಂಡ್ ಬಹುಮಾನ ಕೊಟ್ಟರು. ಅಷ್ಟು ದಪ್ಪದ ಗೋಡೆ ಕಟ್ಟಿದವರು ನೆಲ ನೋಡಿರಲಿಲ್ಲ.

ಗೋಡೆ ಉಳಿಯಿತು, ಮನೆ ಹೋಯಿತು

1830ರಲ್ಲಿ ಸೋನ್ ಅವರ ಸಹಾಯಕ ಜೋಸೆಫ್ ಗ್ಯಾಂಡಿ ಬ್ಯಾಂಕಿನ ದೊಡ್ಡ ಚಿತ್ರ ಬರೆದರು. ಹದ್ದು ಮೇಲಿನಿಂದ ನೋಡಿದ ಹಾಗೆ. ಚಾವಣಿಗಳು ತೆರೆದಿವೆ, ಗೋಡೆಗಳು ಅರ್ಧಕ್ಕೆ ನಿಂತಿವೆ. ಕಟ್ಟುತ್ತಿರುವ ಬ್ಯಾಂಕೋ, ನಮ್ಮ ಹಂಪಿಯ ಹಾಗೆ ಪಾಳುಬಿದ್ದ ಬ್ಯಾಂಕೋ ಹೇಳಲಾಗುವುದಿಲ್ಲ. ನೂರು ವರ್ಷ ತುಂಬುವ ಮೊದಲೇ ಆ ಚಿತ್ರ ನಿಜವಾಯಿತು.

ಕಾರಣ ಮತ್ತೆ ಯುದ್ಧದ ಸಾಲ. ಮೊದಲ ಮಹಾಯುದ್ಧಕ್ಕೆ ಮುಂಚೆ ಬ್ರಿಟನ್ನಿನ ಸಾಲ ಸುಮಾರು 65 ಕೋಟಿ ಪೌಂಡ್ ಇತ್ತು. ಯುದ್ಧ ಮುಗಿಯುವ ಹೊತ್ತಿಗೆ 700 ಕೋಟಿ ದಾಟಿತ್ತು. ಅಷ್ಟು ಸಾಲದ ಲೆಕ್ಕಕ್ಕೆ ಅಷ್ಟೇ ಗುಮಾಸ್ತರು ಬೇಕು. ಸೋನ್ ಕಟ್ಟಿದ್ದು ಬಹುಪಾಲು ಒಂದೇ ಅಂತಸ್ತಿನ ಹಜಾರಗಳು. ಬೆಳಕು ಮೇಲಿನಿಂದ ಬರಬೇಕಾದರೆ ಮೇಲೆ ಇನ್ನೊಂದು ಮಹಡಿ ಇರಬಾರದು ಅಲ್ವಾ? ಅವರ ಉಪಾಯದ ಹೆಚ್ಚುಗಾರಿಕೆಯೇ ಈಗ ಅದಕ್ಕೆ ಮುಳುವಾಯಿತು. ಸಿಟಿಯ ನಡುವಿನ ದುಬಾರಿ ಜಾಗದಲ್ಲಿ ಮೂರೂವರೆ ಎಕರೆ ಮೇಲಕ್ಕೆ ಬೆಳೆಯದೆ ಕೂತಿತ್ತು.

ಹೊಸ ಕಟ್ಟಡದ ಕೆಲಸ ಹರ್ಬರ್ಟ್ ಬೇಕರ್ ಅವರಿಗೆ ಸಿಕ್ಕಿತು. ಈ ಹೆಸರು ನಮಗೆ ಹೊಸದಲ್ಲ. ದೆಹಲಿಯ ರೈಸಿನಾ ಗುಡ್ಡದ ನಾರ್ತ್ ಬ್ಲಾಕ್, ಸೌತ್ ಬ್ಲಾಕ್ ಕಟ್ಟಿದವರು. ವಾಸ್ತುಶಿಲ್ಪಿ ಲ್ಯುಟೆನ್ಸ್ ಜೊತೆ ಸೇರಿ ದುಂಡನೆಯ ಹಳೆಯ ಸಂಸತ್ ಭವನಕ್ಕೆ ರೂಪ ಕೊಟ್ಟವರು. 1925ರಿಂದ 1939ರ ತನಕ ಅವರು ಸೋನ್ ಕಟ್ಟಿದ್ದ ಹೆಚ್ಚುಕಡಿಮೆ ಎಲ್ಲ ಹಜಾರಗಳನ್ನು ಕೆಡವಿದರು. ನೆಲದ ಮೇಲೆ ಏಳು ಅಂತಸ್ತು, ಕೆಳಗೆ ಮೂರು ಅಂತಸ್ತು ಎದ್ದವು. ಹೊರಗಿನ ಗೋಡೆ ಮಾತ್ರ ಉಳಿಯಿತು. ಟೇಲರ್ ಕಾಲದ ಆಡಳಿತ ಮಂಡಳಿಯ ಕೋಣೆಯನ್ನು ಮೇಲಿನ ಅಂತಸ್ತಿನಲ್ಲಿ ಮತ್ತೆ ಕಟ್ಟಿದರು. ಗಾಳಿ ಗಡಿಯಾರ ಈಗ ಇರುವುದು ಅಲ್ಲೇ.

ವಾಸ್ತು ಇತಿಹಾಸಕಾರ ನಿಕೊಲಸ್ ಪೆವ್ಸ್‌ನರ್ ಇದನ್ನು ಇಪ್ಪತ್ತನೇ ಶತಮಾನದ ಲಂಡನ್ ಸಿಟಿಯಲ್ಲಿ ವಾಸ್ತುಶಿಲ್ಪಕ್ಕೆ ನಡೆದ ಅತಿ ದೊಡ್ಡ ಅಪರಾಧ ಅಂತ ಕರೆದರು. ನನಗೂ ಈ ನಷ್ಟ ನೆನೆದರೆ ಸಂಕಟವಾಗುತ್ತದೆ. ಆದರೆ ಬೇಕರ್ ಒಬ್ಬರ ಮೇಲೆ ಹೊರಿಸುವುದು ಸರಿಯಲ್ಲ ಅನ್ನಿಸುತ್ತದೆ. ಅದೇ ಜಾಗದಲ್ಲಿ, ಹಲವು ಪಟ್ಟು ಜನರಿಗೆ ಕೆಲಸದ ಜಾಗ ಬೇಕು ಅಂತ ಹಟ ಹಿಡಿದದ್ದು ಬ್ಯಾಂಕು. ಹಳೆಯದನ್ನು ಬಿಟ್ಟು ಬೇರೆ ಕಡೆ ಕಟ್ಟಬಹುದಿತ್ತು. ಕಟ್ಟಲಿಲ್ಲ. ಗೋಡೆ ಇನ್ನೂ ಉಪಯೋಗಕ್ಕೆ ಬರುತ್ತಿತ್ತು, ಹಾಗಾಗಿ ಉಳಿಯಿತು. ವಿದ್ಯುತ್ ದೀಪ ಬಂದ ಮೇಲೆ ಬೆಳಕಿಂಡಿಗೆ ಕೆಲಸವಿರಲಿಲ್ಲ, ಹೋಯಿತು.

ಕೆಳಗಿನ ಚಿನ್ನ

ಬೇಕರ್ ಅಗೆಸಿದ ನೆಲಮಾಳಿಗೆಯಲ್ಲಿ ಇವತ್ತು ಸುಮಾರು 4 ಲಕ್ಷ ಚಿನ್ನದ ಗಟ್ಟಿಗಳಿವೆ. ಒಂದೊಂದು ಹನ್ನೆರಡೂವರೆ ಕಿಲೋದಷ್ಟು ಭಾರ. ಇದರಲ್ಲಿ ಬ್ಯಾಂಕಿನ ಸ್ವಂತದ್ದು ತೀರಾ ಕಡಿಮೆ. ಬ್ರಿಟನ್ ಸರ್ಕಾರದ್ದು, ಬೇರೆ ದೇಶಗಳ ಕೇಂದ್ರ ಬ್ಯಾಂಕುಗಳದ್ದು ಜಾಸ್ತಿ. ಗಟ್ಟಿಗಳನ್ನು ಚಾವಣಿ ಮುಟ್ಟುವ ಹಾಗೆ ಪೇರಿಸುವಂತಿಲ್ಲ. ಲಂಡನ್ ನಿಂತಿರುವುದು ಜೇಡಿಮಣ್ಣಿನ ಮೇಲೆ. ಒಂದೇ ಕಡೆ ಅಷ್ಟು ಭಾರ ಹೇರಿದರೆ ನೆಲ ಕುಸಿಯುತ್ತದೆ. ಅದಕ್ಕೇ ಕುಳ್ಳು ಕುಳ್ಳು ರಾಶಿ ಮಾಡಿ ಹರಡಿ ಇಟ್ಟಿದ್ದಾರೆ.

ನಮ್ಮ ಚಿನ್ನವೂ ಈ ಬ್ಯಾಂಕಿಗೆ ಹೋಗಿದೆ. 1991ರಲ್ಲಿ ಭಾರತದ ಹತ್ತಿರ ಎಣ್ಣೆ ಕೊಳ್ಳಲೂ ಸಾಕಷ್ಟು ಡಾಲರ್ ಇರಲಿಲ್ಲ. ಕೆಲವೇ ವಾರಕ್ಕೆ ಸಾಲುವಷ್ಟು ಉಳಿದಿತ್ತು. ಆ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ವಿಮಾನದಲ್ಲಿ ಕಳಿಸಿ ಅಡವಿಟ್ಟಿತು. ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ನಿಂದ ಸಿಕ್ಕ ಸಾಲ ಸುಮಾರು 40 ಕೋಟಿ ಡಾಲರ್. ಮನೆಯ ಒಡವೆ ಅಡವಿಟ್ಟ ಹಾಗೆ ಇಡೀ ದೇಶಕ್ಕೆ ನೋವಾಗಿತ್ತು. ಸಾಲವನ್ನು ಬೇಗನೇ ತೀರಿಸಿದೆವು. ಆಮೇಲೂ ಭಾರತ ತನ್ನ ಚಿನ್ನದ ಒಂದು ಪಾಲನ್ನು ಲಂಡನ್ನಿನಲ್ಲಿ ಇಟ್ಟಿತ್ತು. ಅಲ್ಲಿ ಇದ್ದರೆ ಮಾರುವುದು, ಕೊಳ್ಳುವುದು ಸುಲಭ. ಗಟ್ಟಿ ಕದಲುವುದೇ ಬೇಡ, ಲೆಡ್ಜರ್‌ನಲ್ಲಿ ಹೆಸರು ಬದಲಾದರೆ ಸಾಕು. 2023-24ರಲ್ಲಿ ರಿಸರ್ವ್ ಬ್ಯಾಂಕ್ ಸುಮಾರು 100 ಟನ್ ಚಿನ್ನವನ್ನು ಬ್ರಿಟನ್ನಿನಿಂದ ವಾಪಸ್ ತಂದಿತು.

ಬ್ಯಾಂಕಿನ ಒಳಗೆ ಸಾಮಾನ್ಯ ಜನಕ್ಕೆ ಪ್ರವೇಶವಿಲ್ಲ. ಆದರೆ ಬಾರ್ತಲೋಮ್ಯೂ ಲೇನ್ ಕಡೆ ಒಂದು ಬಾಗಿಲಿದೆ. 1988ರಿಂದ ಅಲ್ಲಿ ಮ್ಯೂಸಿಯಂ ಇದೆ, ಟಿಕೆಟ್ ಇಲ್ಲ. ಒಂದು ಪೆಟ್ಟಿಗೆಯ ಒಳಗೆ ಕೈ ತೂರಿಸಿ ನಿಜವಾದ ಚಿನ್ನದ ಗಟ್ಟಿ ಎತ್ತಿ ನೋಡಬಹುದು. ಹೋದವರು ಅದಕ್ಕೇ ಸಾಲು ನಿಲ್ಲುತ್ತಾರೆ. ನೀವು ಹೋದರೆ ಗಟ್ಟಿ ಎತ್ತುವ ಮೊದಲು ಅಲ್ಲಿನ ಒಂದು ಹಜಾರದ ನಡುವೆ ನಿಲ್ಲಿ. ಅದು ಸೋನ್ ಅವರ ಬ್ಯಾಂಕ್ ಸ್ಟಾಕ್ ಆಫೀಸ್. ಕೆಡವಿ ಎಷ್ಟೋ ವರ್ಷವಾದ ಮೇಲೆ, ಅವರು ಜೋಪಾನವಾಗಿ ಎತ್ತಿಟ್ಟಿದ್ದ ನಕ್ಷೆಗಳನ್ನು ನೋಡಿಕೊಂಡು, ಅದೇ ಜಾಗದಲ್ಲಿ ಮತ್ತೆ ಕಟ್ಟಿದ್ದಾರೆ. ಸುತ್ತ ಗುಮಾಸ್ತರ ಮೇಜುಗಳಿವೆ. ತಲೆ ಎತ್ತಿದರೆ ಗುಮ್ಮಟ, ಅದರ ನೆತ್ತಿಯಲ್ಲಿ ಬೆಳಕಿಂಡಿ.